ತಪ್ಪು ಮಾಡಿದವನಿಗೂ ಮನೆಯಿದೆ

ಎರಡು ವರ್ಷದ ಹಿಂದೆ, ರಜೆ ಮುಗಿಸಿ ತಿಪಟೂರಿನಿಂದ ಹೊರಡುವ ಹಿಂದಿನ ಸಂಜೆ, ಎದುರುಮನೆಯ ಅಕ್ಕ ಒಂದು ಗಂಟು ಹಿಡಿದುಕೊಂಡು ಬಂದರು. ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ನಾಲ್ಕೂ ಬದಿಗೆ ಒತ್ತಾಗಿ ಹೊಲಿಗೆ ಹಾಕಿದ್ದರು. ಮೆಲ್ಬರ್ನಿನಲ್ಲಿ ಬಾಣಂತಿಯಾಗಿರುವ ಮಗಳಿಗೆ ಅಂಟಿನುಂಡೆ, ಬಾಣಂತಿ ಖಾರ, ಒಣಕೊಬ್ಬರಿ. ‘ಎರಡು ಕೇಜಿನೂ ಇಲ್ಲ ಕಣಪ್ಪ, ಬ್ಯಾಗಿನ ಮೂಲೇಲಿ ಇಟ್ಕೊ’ ಅಂದರು. ನಾನು ಅವರ ಎದುರಿಗೇ ಕತ್ತರಿ ತಂದು ಹೊಲಿಗೆ ಬಿಚ್ಚಿದೆ.

ಅಕ್ಕನ ಮುಖ ಸಣ್ಣಗಾಯಿತು. ಅಡುಗೆಮನೆಯಿಂದ ನಮ್ಮಮ್ಮ ‘ಏನೋ ಅದು, ಕೊಟ್ಟವರ ಮುಂದೇನೇ ಬಿಚ್ಚಿ ನೋಡ್ತೀಯಲ್ಲ’ ಎಂದು ಗದರಿದರು. ನಮ್ಮ ಕಡೆ ಗಂಟು ಬಿಚ್ಚಿ ನೋಡುವುದೆಂದರೆ ಕೊಟ್ಟವರನ್ನು ನಂಬಲಿಲ್ಲ ಎಂದೇ ಲೆಕ್ಕ. ಒಳಗೆ ಅವರು ಹೇಳಿದ್ದೆಲ್ಲ ಇತ್ತು. ಜೊತೆಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಾಲು ಕೇಜಿ ಗಸಗಸೆ. ‘ಉಂಡೆಗೂ ಹಾಕಿದೀರಾ ಅಕ್ಕ?’ ಎಂದೆ. ‘ಗಸಗಸೆ ಹಾಕದೆ ಅಂಟಿನುಂಡೆ ಆಗ್ತದಾ?’ ಅಂದರು.

ನಮಗೆ ಗಸಗಸೆ ಅಂದರೆ ಹಬ್ಬದ ಪಾಯಸ, ಉಂಡಮೇಲಿನ ನಿದ್ದೆ. ಅದು ಅಫೀಮಿನ ಗಿಡದ ಬೀಜ ಎಂಬುದು ಅಡುಗೆಮನೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಸಿಂಗಪುರದಲ್ಲಿ ಅದು ನಿಷಿದ್ಧ ವಸ್ತು. ನಾನು ಬೆಂಗಳೂರಿನಿಂದ ಮೆಲ್ಬರ್ನಿಗೆ ಹೋಗುವುದು ಸಿಂಗಪುರದ ಚಾಂಗಿ ನಿಲ್ದಾಣದ ಮೇಲೆಯೇ. ಉಂಡೆಯ ಡಬ್ಬಿಯನ್ನೂ ಗಸಗಸೆಯನ್ನೂ ವಾಪಸು ಕೊಟ್ಟು, ಖಾರದಪುಡಿ, ಕೊಬ್ಬರಿ ಮಾತ್ರ ಇಟ್ಟುಕೊಂಡೆ. ‘ನಾನೇನು ಕೆಟ್ಟದ್ದು ಕೊಡ್ತೀನಾಪ್ಪಾ’ ಎಂದು ಒಂದೇ ಮಾತು ಆಡಿ ಅಕ್ಕ ಎದ್ದು ಹೋದರು. ಆ ಮಾತಿನ ಹಿಂದೆ ಏನಿತ್ತು ಎಂದು ನನಗೆ ಗೊತ್ತಾದದ್ದು ಆಮೇಲೆ.

ಕತ್ತರಿ ಹಿಡಿಯುವ ಈ ಅಭ್ಯಾಸ ನನಗೆ ಬಂದದ್ದು ಒಂದು ಟಿವಿ ನಾಟಕದಿಂದ. 2013ರಲ್ಲಿ ಇಲ್ಲಿಯ, ಅಂದರೆ ನಾನಿರುವ ಆಸ್ಟ್ರೇಲಿಯಾದ, ಎಸ್‌ಬಿಎಸ್ ವಾಹಿನಿಯಲ್ಲಿ, ಜುಲೈ 25 ಮತ್ತು ಆಗಸ್ಟ್ 1ರ ಎರಡು ಗುರುವಾರ, ಎರಡು ಕಂತಾಗಿ ‘ಬೆಟರ್ ಮ್ಯಾನ್’ ಬಂತು. ವಾನ್ ಟುವಾಂಗ್ ನ್ಗುಯೆನ್ ಎಂಬ ಮೆಲ್ಬರ್ನಿನ ಹುಡುಗನ ನಿಜವಾದ ಕಥೆ. ಯುದ್ಧದ ನಂತರ ದೋಣಿಯಲ್ಲಿ ವಿಯೆಟ್ನಾಂ ಬಿಟ್ಟ ತಾಯಿಗೆ ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ಅವಳಿಗಳಲ್ಲಿ ಒಬ್ಬ. ಅವಳಿ ಸೋದರ ಸಾಲದಲ್ಲಿ ಮುಳುಗಿದ್ದ. ಆ ಸಾಲ ತೀರಿಸಲು ಇವನು ಕಾಂಬೋಡಿಯಾಕ್ಕೆ ಹೋಗಿ ಹೆರಾಯಿನ್ ತರಲು ಒಪ್ಪಿದ. 2002ರ ಡಿಸೆಂಬರ್ 12ರಂದು, ಚಾಂಗಿಯಲ್ಲಿ ವಿಮಾನ ಬದಲಿಸಿ ಮೆಲ್ಬರ್ನಿನ ವಿಮಾನ ಹತ್ತುವ ಮುಂಚಿನ ತಪಾಸಣೆಯಲ್ಲಿ ಸಿಕ್ಕಿಬಿದ್ದ. ಬೆನ್ನಿಗೆ ಕಟ್ಟಿಕೊಂಡಿದ್ದ ಒಂದು ಪೊಟ್ಟಣ, ಕೈಚೀಲದಲ್ಲಿ ಇನ್ನೊಂದು. ಒಟ್ಟು 396 ಗ್ರಾಂ ಶುದ್ಧ ಹೆರಾಯಿನ್. ಸಿಂಗಪುರದ ಕಾನೂನಿನಲ್ಲಿ 15 ಗ್ರಾಂ ದಾಟಿದರೆ ಮರಣದಂಡನೆ. ಆಗಿನ ಕಾನೂನಿನಲ್ಲಿ ನ್ಯಾಯಾಧೀಶರಿಗೆ ಬೇರೆ ಶಿಕ್ಷೆ ಕೊಡುವ ಅವಕಾಶವೇ ಇರಲಿಲ್ಲ.

ಹುಡುಗ ಸಿಕ್ಕಿದ ಕೂಡಲೇ ತಪ್ಪೊಪ್ಪಿಕೊಂಡ. ಪೊಲೀಸರಿಗೆ ಎಲ್ಲವನ್ನೂ ಹೇಳಿದ. ಇದು ಬಹಳ ಮುಖ್ಯ. ಯಾಕೆ ಎನ್ನುವುದಕ್ಕೆ ಮುಂದೆ ಬರುತ್ತೇನೆ.

2005ರ ಡಿಸೆಂಬರ್ 2, ಶುಕ್ರವಾರ. ಸಿಂಗಪುರದಲ್ಲಿ ಬೆಳಿಗ್ಗೆ ಆರು, ಮೆಲ್ಬರ್ನಿನಲ್ಲಿ ಒಂಬತ್ತು. ನಾನು ಆಗಷ್ಟೇ ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಆಫೀಸಿನಲ್ಲಿ ಪಕ್ಕದ ಮೇಜಿನ ಹೆಂಗಸು ಒಂಬತ್ತಕ್ಕೆ ಸರಿಯಾಗಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಮತ್ತಿಬ್ಬರು ಹೋಗಿ ಅವರ ಪಕ್ಕ ನಿಂತರು. ಯಾರೂ ಮಾತಾಡಲಿಲ್ಲ. ಅದೇ ಹೊತ್ತಿಗೆ ರಿಚ್ಮಂಡಿನ ಸೇಂಟ್ ಇಗ್ನೇಷಿಯಸ್ ಚರ್ಚಿನ ಗಂಟೆ 25 ಸಲ ಬಾರಿಸಿತೆಂದು ಸಂಜೆ ಸುದ್ದಿಯಲ್ಲಿ ತೋರಿಸಿದರು. ಹುಡುಗನಿಗೆ 25 ವರ್ಷ. ಹಿಂದಿನ ದಿನ ತಾಯಿಗೆ ಮಗನನ್ನು ತಬ್ಬಿಕೊಳ್ಳಲು ಬಿಡಲಿಲ್ಲ. ಪ್ರಧಾನಿ ಜಾನ್ ಹೊವಾರ್ಡ್ ಕೇಳಿಕೊಂಡದ್ದಕ್ಕೆ ಕೈ ಹಿಡಿಯಲು ಮಾತ್ರ ಒಪ್ಪಿದರು. ಕೆಲವೇ ದಿನದಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಕಥೀಡ್ರಲ್‌ನಲ್ಲಿ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆದಾಗ ಜನ ಒಳಗೆ ಹಿಡಿಸದೆ ಹೊರಗೆ ನಿಂತಿದ್ದರು.

ಆ ದಿನ ನಾನು ಮನೆಗೆ ಬಂದು ಹೆಂಡತಿಗೆ ಹೇಳಿದ್ದು: ‘ಮಾಡಿದ್ದುಣ್ಣೋ ಮಹಾರಾಯ. ಗೊತ್ತಿದ್ದೇ ಹೋದ, ಗೊತ್ತಿದ್ದೇ ತಂದ. ಇದಕ್ಕೆ ಗಂಟೆ ಬಾರಿಸೋದೇನು?’ ಹಾಗೆ ಅಂದದ್ದು ನೆನಪಾದರೆ ಈಗಲೂ ನನಗೆ ಸಂಕಟವಾಗುತ್ತದೆ. ಇಲ್ಲಿಯೂ ಹಾಗೆನ್ನುವವರು ಬೇಕಾದಷ್ಟು ಜನ ಇದ್ದರು. ರೇಡಿಯೋಗೆ ಫೋನು ಮಾಡಿ ‘ಅನುಭವಿಸಲಿ’ ಎಂದವರಿದ್ದರು. ಇಲ್ಲಿಯ ಜನ ನಮಗಿಂತ ಕರುಣೆಯುಳ್ಳವರು ಎಂದು ನಾನು ಹೇಳುತ್ತಿಲ್ಲ. ಆದರೆ ಇಲ್ಲಿ ಅವನ ಹೆಸರನ್ನು ಬೀದಿಯಲ್ಲಿ ನಿಂತು ಹೇಳುವುದಕ್ಕೆ ಕೆಲವರು ಇದ್ದರು. ಅವನ ಜೊತೆ ಓದಿದ ಹುಡುಗಿಯರು ಅವನ ಪ್ರಾಣ ಉಳಿಸಿ ಎಂದು ಊರೂರಿನ ಜನರಿಂದ ಕಾಗದದ ಮೇಲೆ ಅಂಗೈಯ ಆಕಾರ ಬರೆಸಿ ತರಿಸಿಕೊಂಡರು. ಲೆಕ್ಸ್ ಲಾಸ್ರಿ, ಜೂಲಿಯನ್ ಮೆಕ್‌ಮಹಾನ್ ಎಂಬ ಇಬ್ಬರು ವಕೀಲರು ಫೀಸು ತೆಗೆದುಕೊಳ್ಳದೆ ಕೊನೆಯವರೆಗೂ ಓಡಾಡಿದರು. ಮುಂದೆ ಲಾಸ್ರಿ ಇದೇ ವಿಕ್ಟೋರಿಯಾದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು. ಮೆಕ್‌ಮಹಾನ್ ಅವರನ್ನು 2016ರಲ್ಲಿ ವಿಕ್ಟೋರಿಯಾದ ವರ್ಷದ ವ್ಯಕ್ತಿ ಎಂದು ಗೌರವಿಸಿದರು. ಮಾದಕವಸ್ತು ಸಾಗಿಸಿ ಸಿಕ್ಕಿಬಿದ್ದವನ ಪರ ನಿಂತದ್ದು ಅವರ ಹೆಸರಿಗೆ ಮಸಿ ಬಳಿಯಲಿಲ್ಲ. ನಮ್ಮಲ್ಲಿ 2020ರಲ್ಲಿ ಮೈಸೂರಿನಲ್ಲೂ ಹುಬ್ಬಳ್ಳಿಯಲ್ಲೂ ವಕೀಲರ ಸಂಘಗಳೇ ‘ಇಂಥ ಆರೋಪಿಗಳ ಪರ ವಕಾಲತ್ತು ಹಾಕುವುದಿಲ್ಲ’ ಎಂದು ನಿರ್ಣಯ ಮಾಡಿ, ಕೊನೆಗೆ ಹುಬ್ಬಳ್ಳಿಯ ವಿಷಯದಲ್ಲಿ ಹೈಕೋರ್ಟು ಛೀಮಾರಿ ಹಾಕಬೇಕಾಯಿತು. ಅಲ್ಲಿದ್ದದ್ದು ಬೇರೆ ಆರೋಪ, ದೇಶದ್ರೋಹದ್ದು, ನಿಜ. ಆದರೆ ಆರೋಪಿಯ ಪಕ್ಕ ನಿಂತವನೂ ಕಳಂಕಿತ ಎಂಬ ಆ ಭಾವನೆ ನನಗೆ ಚಿಕ್ಕಂದಿನಿಂದ ಗೊತ್ತಿರುವುದೇ.

ವಿದೇಶದ ಜೈಲು ಆಸ್ಟ್ರೇಲಿಯಾದ ಟಿವಿಗೆ ಹಳೆಯ ವಸ್ತು. 1986ರ ಜುಲೈನಲ್ಲಿ ಕ್ವಾಲಾಲಂಪುರದ ಪುಡು ಜೈಲಿನಲ್ಲಿ ಬಾರ್ಲೋ ಮತ್ತು ಚೇಂಬರ್ಸ್ ಎಂಬ ಇಬ್ಬರನ್ನು ಹೆರಾಯಿನ್ ಸಾಗಣೆಗಾಗಿ ಗಲ್ಲಿಗೇರಿಸಿದರು. ಎರಡೇ ವರ್ಷದಲ್ಲಿ ಅದು ಟಿವಿಗೆ ಬಂತು. 1989ರಲ್ಲಿ ಬಂದ ‘ಬ್ಯಾಂಕಾಕ್ ಹಿಲ್ಟನ್’ ಎಲ್ಲಕ್ಕಿಂತ ಹೆಸರುವಾಸಿ. ನಿಕೋಲ್ ಕಿಡ್ಮನ್‌ಗೆ ಆಗ 22 ವರ್ಷ. ತಂದೆಯನ್ನು ಹುಡುಕಿಕೊಂಡು ಹೊರಟ ಹುಡುಗಿಯೊಬ್ಬಳ ಸಾಮಾನಿನಲ್ಲಿ ಅವಳು ಪ್ರೀತಿಸಿದವನೇ ಹೆರಾಯಿನ್ ಅಡಗಿಸಿಡುತ್ತಾನೆ. ಬ್ಯಾಂಕಾಕ್ ವಿಮಾನ ನಿಲ್ದಾಣದಲ್ಲಿ ಅವಳು ಸಿಕ್ಕಿಬೀಳುತ್ತಾಳೆ, ಮರಣದಂಡನೆ ಆಗುತ್ತದೆ, ಕೊನೆಗೆ ತಪ್ಪಿಸಿಕೊಳ್ಳುತ್ತಾಳೆ. ಬ್ಯಾಂಕಾಕ್ ಪಕ್ಕದ ನೊಂತಬುರಿಯಲ್ಲಿ, ಚಾವೊ ಫ್ರಾಯಾ ನದಿಯ ದಡದಲ್ಲಿರುವ ಬಾಂಗ್ ಕ್ವಾಂಗ್ ಜೈಲಿಗೆ ಹೊರಗಿನವರು ಇಟ್ಟ ಅಡ್ಡಹೆಸರೂ ಅದೇ. ಇದನ್ನು ನಾನು ನೋಡಿದ್ದು ಬಹಳ ತಡವಾಗಿ, ‘ಬೆಟರ್ ಮ್ಯಾನ್’ ಆದಮೇಲೆ. ಅರ್ಧ ಗಂಟೆ ನೋಡುವಷ್ಟರಲ್ಲಿ ಕಥೆ ಮೊದಲೇ ಗೊತ್ತಿದೆ ಅನ್ನಿಸಿತು. ಗೊತ್ತಿತ್ತು, ತಿಪಟೂರಿನಲ್ಲಿ ವಿಸಿಆರ್ ಬಾಡಿಗೆಗೆ ತಂದು ನೋಡಿದ್ದೆವು: ಶ್ರೀದೇವಿಯ ‘ಗುಮ್ರಾಹ್’, 1993. ಬ್ಯಾಂಕಾಕ್ ಬದಲು ಹಾಂಗ್‌ಕಾಂಗ್. ಅಲ್ಲೂ ಪ್ರೀತಿಸಿದವನೇ ಮೋಸ ಮಾಡುವುದು, ಅಲ್ಲೂ ಹುಡುಗಿ ಏನೂ ಅರಿಯದವಳು.

ಈ ಎರಡನ್ನೂ ನೋಡಿದ ಮನಸ್ಸಿಗೆ ಒಂದು ನೆಮ್ಮದಿ ಸಿಗುತ್ತದೆ. ಅಳಬಹುದು, ಯಾಕೆಂದರೆ ಅವಳದ್ದು ತಪ್ಪಿಲ್ಲ. ನಮ್ಮ ಸಿನಿಮಾಗಳು, ನಮ್ಮ ಧಾರಾವಾಹಿಗಳು ಜೈಲಿಗೆ ಕಳಿಸುವುದೆಲ್ಲ ಇಂಥವರನ್ನೇ. ನಮ್ಮ ಬೀದಿಯ ಮರುಕವೂ ಹೀಗೇ. ‘ಪಾಪ, ಏನೂ ಮಾಡಿಲ್ವಂತೆ’ ಎಂಬ ಮಾತು ಮೊದಲು ಸಿಗಬೇಕು. ಆಮೇಲೆ ಕಣ್ಣೀರು, ಆಮೇಲೆ ಅನ್ನ, ಆಮೇಲೆ ವಕೀಲ. ‘ಬೆಟರ್ ಮ್ಯಾನ್’ ನನ್ನ ಕಾಲ ಕೆಳಗಿನ ಈ ಹಲಗೆಯನ್ನೇ ಎಳೆದುಬಿಟ್ಟಿತು. ಹುಡುಗ ತಂದದ್ದು ನಿಜ, ಗೊತ್ತಿದ್ದೇ ತಂದದ್ದು ನಿಜ, ಆ 396 ಗ್ರಾಂ ಮೆಲ್ಬರ್ನಿಗೆ ಬಂದಿದ್ದರೆ ಇಲ್ಲಿಯ ಇನ್ಯಾರದೋ ಮಗನ ರಕ್ತನಾಳಕ್ಕೆ ಹೋಗುತ್ತಿತ್ತು ಎಂಬುದೂ ನಿಜ. ಇಷ್ಟೆಲ್ಲ ಗೊತ್ತಿದ್ದೂ ನೋಡು, ಇವನಿಗೂ ತಾಯಿ ಇದ್ದಾಳೆ, ಇವನನ್ನು ಕೊಲ್ಲಬೇಕಿತ್ತಾ ಎಂದು ಕೇಳುವ ನಾಟಕ ಅದು. ನಿರ್ದೇಶಿಸಿದ ಖೋವಾ ಡೋ ಕೂಡ ದೋಣಿಯಲ್ಲಿ ಬಂದ ವಿಯೆಟ್ನಾಮೀ ಕುಟುಂಬದ ಮಗು. 2005ರಲ್ಲಿ, ಅಂದರೆ ವಾನ್ ಗಲ್ಲಿಗೇರಿದ ವರ್ಷವೇ, ಅವರು ಆಸ್ಟ್ರೇಲಿಯಾದ ವರ್ಷದ ಯುವಕರಾಗಿದ್ದರು. ಒಂದೇ ಸಮುದ್ರ ದಾಟಿ ಬಂದ ಇಬ್ಬರು ಹುಡುಗರು.

ಭಾರತದ ಕಾನೂನಿನ ಜೊತೆ ಒಮ್ಮೆ ಹೋಲಿಸಿ ನೋಡಿ. ಮಾದಕವಸ್ತುಗಳ ಬಗೆಗಿನ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೆರಾಯಿನ್ 250 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಹತ್ತರಿಂದ ಇಪ್ಪತ್ತು ವರ್ಷ ಶಿಕ್ಷೆ. ದೊಡ್ಡ ಪ್ರಮಾಣದಲ್ಲಿ ಎರಡನೇ ಸಲ ಸಿಕ್ಕಿಬಿದ್ದವರಿಗೆ ಮರಣದಂಡನೆ ಕಡ್ಡಾಯವಾಗಿತ್ತು. ಅದನ್ನು 2011ರಲ್ಲಿ ಬಾಂಬೆ ಹೈಕೋರ್ಟು ಪ್ರಶ್ನಿಸಿತು, 2014ರ ತಿದ್ದುಪಡಿಯಲ್ಲಿ ಅದು ನ್ಯಾಯಾಧೀಶರ ವಿವೇಚನೆಗೆ ಬಂತು. ವಾನ್ ಅದೇ ಪೊಟ್ಟಣದೊಂದಿಗೆ ಬೆಂಗಳೂರಿನಲ್ಲಿ ಇಳಿದಿದ್ದರೆ ಪರಪ್ಪನ ಅಗ್ರಹಾರಕ್ಕೆ ಹೋಗುತ್ತಿದ್ದ, ಹೆಚ್ಚೆಂದರೆ ನಲವತ್ತೆರಡರ ಹೊತ್ತಿಗೆ ಹೊರಗೆ ಬಂದಿರುತ್ತಿದ್ದ. ಈ ಒಂದು ವಿಷಯದಲ್ಲಿ ನಮ್ಮ ಕಾನೂನು ನಮ್ಮ ಬೀದಿಯ ಮಾತಿಗಿಂತ ಮನುಷ್ಯತ್ವ ಇಟ್ಟುಕೊಂಡಿದೆ.

ಪರಪ್ಪನ ಅಗ್ರಹಾರ ಎಂದೆ. ಇದನ್ನು ಹೇಳದೆ ಮುಂದೆ ಹೋದರೆ ನಾನು ಪ್ರಾಮಾಣಿಕನಾಗುವುದಿಲ್ಲ. ‘ಬ್ಯಾಂಕಾಕ್ ಹಿಲ್ಟನ್’ನಲ್ಲಿ ನನ್ನನ್ನು ಕಾಡಿದ್ದು ಜೈಲಿನ ಕೊಳಕಲ್ಲ, ಅಲ್ಲಿಯ ಥಾಯ್ ಹೆಂಗಸರು. ಆ ಜೈಲಿನಲ್ಲಿ ಹೆಚ್ಚಿನವರು ಅವರೇ ಅಲ್ಲವೇ? ಅವರು ಯಾರು, ಏನು ಮಾಡಿ ಬಂದರು, ಹೊರಗೆ ಅವರ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕಥೆ ಕೇಳುವುದೇ ಇಲ್ಲ. ಒಬ್ಬಳು ಬಿಳಿ ಹುಡುಗಿಯ ನರಕಕ್ಕೆ ಅವರೆಲ್ಲ ಹಿನ್ನೆಲೆ. ಇಲ್ಲಿಯವರು ತಮ್ಮವರಿಗಾಗಿ ಅಳುವುದನ್ನು ನಾವು ಕಲಿಯಬೇಕು, ಈ ಕುರುಡನ್ನಲ್ಲ. ಬೆಂಗಳೂರಿನಲ್ಲಿ ಮಾದಕವಸ್ತು ಪ್ರಕರಣಗಳಲ್ಲಿ ಸಿಕ್ಕ ಆಫ್ರಿಕಾದ ಹುಡುಗರ ಮುಖವನ್ನು ನಮ್ಮ ಟಿವಿಗಳು ಕಳ್ಳನ ಪಟದಂತೆ ತೋರಿಸುತ್ತವೆ, ಅಲ್ಲಿಗೆ ಮುಗಿಯಿತು. ಲಾಗೋಸಿನಲ್ಲೋ ಅಬಿಜಾನಿನಲ್ಲೋ ಒಬ್ಬ ತಾಯಿಗೆ ನಮ್ಮ ಪರಪ್ಪನ ಅಗ್ರಹಾರವೇ ಬಾಯಲ್ಲಿ ಹೊರಳದ ಊರಿನ ಭಯಂಕರ ಜೈಲು.

ಮೆಲ್ಬರ್ನಿನ ಕೊಬರ್ಗಿನಲ್ಲಿ ಪೆಂಟ್ರಿಜ್ ಎಂಬ ಹಳೇ ಜೈಲಿದೆ. ಆಸ್ಟ್ರೇಲಿಯಾದಲ್ಲಿ ಕೊನೆಯ ಗಲ್ಲುಶಿಕ್ಷೆ ಆದದ್ದು ಅಲ್ಲೇ, 1967ರ ಫೆಬ್ರವರಿ 3ರಂದು, ರೊನಾಲ್ಡ್ ರಯನ್ ಎಂಬುವನಿಗೆ. ಈಗ ಆ ಕರಿಕಲ್ಲಿನ ಗೋಡೆಯೊಳಗೆ ಮನೆಗಳು, ಅಂಗಡಿ, ಸಿನಿಮಾ ಮಂದಿರ. ನಾವೂ ಸಿನಿಮಾ ನೋಡಲು ಅಲ್ಲಿಗೆ ಹೋಗಿದ್ದೇವೆ. ಗೋಡೆಯನ್ನು ಮುಟ್ಟಿದರೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಆವತ್ತೂ ಜನ ಜೈಲಿನ ಹೊರಗೆ ನಿಂತು ಪ್ರತಿಭಟಿಸಿದ್ದರು, ಆ ಗಲಾಟೆಯ ನಂತರ ಇಲ್ಲಿ ಯಾರನ್ನೂ ನೇಣಿಗೆ ಹಾಕಲಿಲ್ಲ. ರಯನ್ ಕೂಡ ಜೈಲಿನಿಂದ ಓಡಿಹೋಗುವಾಗ ವಾರ್ಡರನ್ನು ಕೊಂದ ಅಪರಾಧಕ್ಕೆ ಶಿಕ್ಷೆಯಾದವನೇ. ಅಪರಾಧಿ ಎಂದು ಕೋರ್ಟು ಹೇಳಿದವನ ಸಲುವಾಗಿ ಬೀದಿಗೆ ಬಂದ ಅಭ್ಯಾಸ ಈ ಊರಿಗೆ ಆಗಲೇ ಇತ್ತು. ವಾನ್‌ಗೆ ಗಂಟೆ ಬಾರಿಸಿದ್ದು ಅದೇ ಊರು.

2015ರ ಏಪ್ರಿಲ್ 29ರ ನಡುರಾತ್ರಿ ಇಂಡೊನೇಷ್ಯಾದಲ್ಲಿ ಆಂಡ್ರೂ ಚಾನ್ ಮತ್ತು ಮಯೂರನ್ ಸುಕುಮಾರನ್ ಅವರಿಗೆ ಗುಂಡಿಕ್ಕಿದಾಗ ನಮ್ಮ ಮನೆಯಲ್ಲಿ ಯಾರೂ ಮಲಗಿರಲಿಲ್ಲ. ಬಾಲಿಯಲ್ಲಿ ಸಿಕ್ಕಿಬಿದ್ದ, ‘ಬಾಲಿ ನೈನ್’ ಎನ್ನುವ ಒಂಬತ್ತು ಆಸ್ಟ್ರೇಲಿಯನ್ನರಲ್ಲಿ ಇವರಿಬ್ಬರು ಮುಂದಾಳುಗಳು. ಎಂಟು ಕೇಜಿಗೂ ಹೆಚ್ಚು ಹೆರಾಯಿನ್. ಇವರೂ ತಪ್ಪು ಮಾಡಿದವರೇ. ಸುಕುಮಾರನ್ ಶ್ರೀಲಂಕಾದ ತಮಿಳು ಮನೆತನದ ಹುಡುಗ. ಜೈಲಿನಲ್ಲಿ ಚಿತ್ರ ಬರೆಯುವುದನ್ನು ಕಲಿತು, ಕಲಾವಿದ ಬೆನ್ ಕ್ವಿಲ್ಟಿಯ ಶಿಷ್ಯನಾಗಿ, ತನ್ನ ಮುಖವನ್ನೇ ಮತ್ತೆಮತ್ತೆ ಬರೆದ. ಆ ಮುಖ ನಮ್ಮ ಕಡೆಯ ಯಾವ ಬಸ್‌ಸ್ಟ್ಯಾಂಡಿನಲ್ಲಾದರೂ ಕಾಣಸಿಗುವ ಮುಖ. ಆಸ್ಟ್ರೇಲಿಯಾ ತನ್ನ ರಾಯಭಾರಿಯನ್ನು ವಾಪಸು ಕರೆಸಿಕೊಂಡಿತು. ಆದರೆ ಆ ಒಂಬತ್ತು ಜನರ ಸುಳಿವನ್ನು ಇಂಡೊನೇಷ್ಯಾದ ಪೊಲೀಸರಿಗೆ ಕೊಟ್ಟದ್ದು ಆಸ್ಟ್ರೇಲಿಯಾದ ಫೆಡರಲ್ ಪೊಲೀಸರೇ. ಅದನ್ನೂ ಇಲ್ಲಿಯ ಜನ ಬಾಯಿಬಿಟ್ಟು ಕೇಳಿದರು, ಬರೆದರು, ಸಂಸತ್ತಿನಲ್ಲೂ ಎತ್ತಿದರು.

ನಮ್ಮವರ ಕಥೆಗೆ ಬರುತ್ತೇನೆ. ವಿದೇಶದ ಜೈಲುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಇದ್ದಾರೆಂದು 2025ರಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು. ಹೆಚ್ಚಿನವರು ಗಲ್ಫಿನಲ್ಲಿ. ಇವರಲ್ಲಿ ಎಷ್ಟು ಹೆಸರು ನಮಗೆ ಗೊತ್ತು? ಮುಂಬೈಯ ಒಂದು ದಂಪತಿಯ ಕಥೆ ಮಾತ್ರ ದೊಡ್ಡದಾಗಿ ಬಂತು. 2019ರ ಜುಲೈನಲ್ಲಿ ಕತಾರಿಗೆ ಪ್ರವಾಸ ಹೊರಟವರ ಕೈಗೆ ಸೋದರತ್ತೆಯೊಬ್ಬಳು ಪೊಟ್ಟಣ ಕೊಟ್ಟಿದ್ದಳು. ದೋಹಾದಲ್ಲಿ ಇಳಿದಾಗ ಅದರಲ್ಲಿ ನಾಲ್ಕು ಕೇಜಿ ಚರಸ್. ಹತ್ತು ವರ್ಷ ಶಿಕ್ಷೆ. ಹೆಂಡತಿ ಬಸುರಿ, ಮಗು ಹುಟ್ಟಿದ್ದೇ ಜೈಲಿನಲ್ಲಿ. ಊರಿನಲ್ಲಿ ಮನೆಯವರು ಸುಮ್ಮನೆ ಕೂರಲಿಲ್ಲ, ಮಾದಕವಸ್ತು ತಡೆಯುವ ಕೇಂದ್ರ ಸಂಸ್ಥೆ ಎನ್‌ಸಿಬಿಗೆ ದೂರು ಕೊಟ್ಟರು. ತನಿಖೆಯಲ್ಲಿ ಅತ್ತೆಯ ಕೈವಾಡ ಹೊರಬಿತ್ತು. ಆ ಕಾಗದಗಳು ಕತಾರಿನ ಕೋರ್ಟಿಗೆ ಹೋಗಿ 2021ರಲ್ಲಿ ಬಿಡುಗಡೆಯಾಯಿತು. ಒಳ್ಳೆಯದೇ ಆಯಿತು. ಆದರೆ ಇದೂ ‘ಏನೂ ಮಾಡಿಲ್ವಂತೆ’ ಕಥೆಯೇ.

2022ರಲ್ಲಿ ಸಿಂಗಪುರ ನಾಗೇಂದ್ರನ್ ಧರ್ಮಲಿಂಗಂ ಎಂಬ ಮಲೇಷ್ಯಾದ ತಮಿಳು ಯುವಕನನ್ನು ಗಲ್ಲಿಗೇರಿಸಿತು. ತೊಡೆಗೆ ಕಟ್ಟಿಕೊಂಡು ತಂದ 42.72 ಗ್ರಾಂ ಹೆರಾಯಿನ್. ಅವನ ಬುದ್ಧಿಮಟ್ಟ 69 ಎಂದು ವೈದ್ಯರು ಹೇಳಿದ್ದರು. ಕೊನೆಯ ಅರ್ಜಿ ತಳ್ಳಿಹಾಕಿದ ದಿನ ಕೋರ್ಟಿನ ಗಾಜಿನ ಸಂದಿಯಿಂದ ತಾಯಿಯ ಕೈ ಹಿಡಿದು ‘ಮಾ’ ಎಂದು ಕೂಗಿದ ಎಂದು ಪತ್ರಿಕೆಯಲ್ಲಿ ಓದಿದೆ. ವಾನ್‌ನ ತಾಯಿಗೂ ಸಿಕ್ಕದ್ದು ಕೈ ಮಾತ್ರ. ಹದಿನೇಳು ವರ್ಷ ಕಳೆದರೂ ಆ ಊರು ಕೊಟ್ಟದ್ದು ಅಷ್ಟನ್ನೇ. ಪಕ್ಕದ ಮಲೇಷ್ಯಾ 2023ರಲ್ಲಿ ಕಡ್ಡಾಯ ಮರಣದಂಡನೆಯನ್ನು ತೆಗೆದುಹಾಕಿತು.

ಗಂಟಿನ ವಿಷಯಕ್ಕೆ ಮರಳುತ್ತೇನೆ. ಮೆಲ್ಬರ್ನಿನ ಪಶ್ಚಿಮಕ್ಕೆ, ಹೊಸ ಬಡಾವಣೆಯೊಂದರಲ್ಲಿ ಎದುರುಮನೆ ಅಕ್ಕನ ಮಗಳ ಮನೆ. ಅರ್ಧವಾದ ಗಂಟನ್ನು ಕೊಡುತ್ತಾ ತಪ್ಪಾಯಿತಮ್ಮ ಎಂದು ನಡೆದದ್ದನ್ನು ಹೇಳಿದೆ. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ತುಂಬಾ ಹೊತ್ತು ತಟ್ಟಿದಳು. ಆಮೇಲೆ, ‘ಒಳ್ಳೇದೇ ಮಾಡಿದ್ರಿ ಅಣ್ಣ. ನಮ್ಮಣ್ಣನೂ ಹೊಲಿಗೆ ಬಿಚ್ಚಿ ನೋಡಿದ್ರೆ ಅನ್ಕೊಂಡೆ. ಆದ್ರೆ ಅವನಿಗೆ ಒಳಗೇನಿದೆ ಅಂತ ಗೊತ್ತಿತ್ತು’ ಅಂದಳು.

ಅಕ್ಕನ ಮಗ ಗಲ್ಫಿನಲ್ಲಿ ಡ್ರೈವರ್ ಎಂದು ಬೀದಿಗೆಲ್ಲ ಗೊತ್ತು. ಮೂರು ವರ್ಷದಿಂದ ಊರಿಗೆ ಬಂದಿಲ್ಲ, ‘ಕಂಪನಿಯವರು ರಜೆ ಕೊಟ್ಟಿಲ್ಲ’ ಎಂದೂ ಗೊತ್ತು. ಹಬ್ಬದ ದಿನ ಅಕ್ಕ ಯಾರ ಮನೆಗೂ ಅರಿಶಿನ ಕುಂಕುಮಕ್ಕೆ ಹೋಗದಿದ್ದಾಗ ನಾವು ಮಂಡಿನೋವು ಎಂದುಕೊಂಡಿದ್ದೆವು. ಅವನು ಜೈಲಿನಲ್ಲಿದ್ದ. ತಂಗಿಯ ಮದುವೆಗೆ ಮಾಡಿದ ಸಾಲ. ಒಂದು ಪೊಟ್ಟಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿಸಿದರೆ ಆರು ತಿಂಗಳ ಸಂಬಳ ಕೊಡುತ್ತೇನೆ ಎಂದ ಯಾರೋ ಒಬ್ಬ. ಎರಡನೇ ಸಲಕ್ಕೆ ಸಿಕ್ಕಿಬಿದ್ದ. ಏಳು ವರ್ಷ ಶಿಕ್ಷೆ. ‘ನನ್ನ ಮದುವೆ ಸಾಲಕ್ಕೆ ಅಣ್ಣ’ ಎಂದಳು. ವಾನ್ ಹೊರಟದ್ದೂ ಒಡಹುಟ್ಟಿದವನ ಸಾಲಕ್ಕೇ. ಅವನ ಕಥೆಯನ್ನು ಟಿವಿಯಲ್ಲಿ ನೋಡಿ ನಾನು ಅತ್ತಿದ್ದೆ. ಎದುರುಮನೆಯಲ್ಲೇ ಅಂಥದ್ದೇ ಕಥೆ ಮೂರು ವರ್ಷದಿಂದ ಬಾಗಿಲು ಹಾಕಿಕೊಂಡು ಕೂತಿತ್ತು. ಅವರು ಬಾಗಿಲು ಹಾಕಿಕೊಂಡದ್ದು ನಮ್ಮ ಬೀದಿ ‘ಮಾಡಿದ್ದುಣ್ಣೋ’ ಎನ್ನುತ್ತದೆ ಎಂದು ತಿಳಿದೇ. ನಾನೂ ಅಂದವನೇ.

ಇಲ್ಲಿ ಒಂದು ಮಾತು ಹೇಳಬೇಕು. ಮಾತಾಡುವುದೆಲ್ಲ ಒಳ್ಳೆಯದು, ಮುಚ್ಚಿಡುವುದೆಲ್ಲ ಕೆಟ್ಟದ್ದು ಎಂದು ನಾನು ನಂಬಿಲ್ಲ. ‘ಬೆಟರ್ ಮ್ಯಾನ್’ ಬರುವ ಮೊದಲು ವಾನ್‌ನ ತಾಯಿ ಅದನ್ನು ತೋರಿಸಬೇಡಿ ಎಂದು ಕೇಳಿಕೊಂಡಿದ್ದರು. ಆದರೂ ತೋರಿಸಿದರು. ಸತ್ತ ಮಗನ ಕೊನೆಯ ದಿನಗಳನ್ನು ನಟನೊಬ್ಬ ಅಭಿನಯಿಸುವುದನ್ನು ಊರೆಲ್ಲ ಊಟದ ಹೊತ್ತಿಗೆ ನೋಡುವುದು ಯಾವ ತಾಯಿಗೆ ಬೇಕು? ನಾಟಕ ನನ್ನನ್ನು ಬದಲಿಸಿತು, ಅದಕ್ಕೆ ಋಣಿ. ಆ ತಾಯಿಯ ಮಾತು ಮೀರಿ ಬದಲಿಸಿತು ಎಂಬುದು ಇನ್ನೂ ಚುಚ್ಚುತ್ತದೆ. ಅದಕ್ಕೇ ಅಕ್ಕನ ಮನೆಯ ಈ ಮಾತನ್ನು ಬರೆಯುವ ಮೊದಲು ತಾಯಿ ಮಗಳಿಬ್ಬರನ್ನೂ ಕೇಳಿದೆ. ಊರಿನ ಹೆಸರು ಹಾಕು, ಮನೆಯ ಹೆಸರು ಬೇಡ ಎಂದರು. ಅಕ್ಕ ಬೀದಿಗೆ ಬಂದು ಹೇಳಲಿ ಎಂದು ನಾನು ಬಯಸುತ್ತಿಲ್ಲ. ಹೇಳಿದರೆ ಕೇಳಿಸಿಕೊಳ್ಳುವ ಒಂದು ಮನೆಯಾದರೂ ಬೀದಿಯಲ್ಲಿರಲಿ ಎಂದು ಬಯಸುತ್ತೇನೆ.

ಮುಚ್ಚಿಟ್ಟದ್ದರಿಂದ ಆದ ನಷ್ಟ ಬರೀ ಮನಸ್ಸಿನದಲ್ಲ. 2003ರಲ್ಲೇ ನಮ್ಮಲ್ಲಿ ಕೈದಿಗಳನ್ನು ಸ್ವದೇಶಕ್ಕೆ ಕರೆತರುವ ಕಾಯ್ದೆ ಆಗಿದೆ. ಗಲ್ಫಿನ ಹಲವು ದೇಶಗಳ ಜೊತೆಗೂ, 2012ರಿಂದ ಥಾಯ್ಲೆಂಡಿನ ಜೊತೆಗೂ ಒಪ್ಪಂದ ಇದೆ. ಶಿಕ್ಷೆ ಖಾಯಂ ಆಗಿ, ಮೇಲ್ಮನವಿ ಬಾಕಿ ಇಲ್ಲದೆ, ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಶಿಕ್ಷೆ ಉಳಿದಿದ್ದರೆ, ಕೈದಿಯೂ ಎರಡೂ ಸರ್ಕಾರಗಳೂ ಒಪ್ಪಿದರೆ, ಉಳಿದ ಶಿಕ್ಷೆಯನ್ನು ಊರಿನ ಜೈಲಿನಲ್ಲೇ ಕಳೆಯಬಹುದು. ತಪ್ಪಿಲ್ಲದವನಿಗಾಗಿ ಮಾಡಿದ ಕಾನೂನಲ್ಲ ಅದು, ಶಿಕ್ಷೆಯಾದವನಿಗಾಗಿಯೇ ಮಾಡಿದ್ದು. ವಿದೇಶಾಂಗ ಇಲಾಖೆಯ ‘ಮದದ್’ ಎಂಬ ಜಾಲತಾಣದಲ್ಲಿ ಮನೆಯವರೇ ದೂರು, ಮನವಿ ದಾಖಲಿಸಬಹುದು. ಮೂರು ವರ್ಷ ಅಕ್ಕ ಯಾರನ್ನೂ ಕೇಳಲಿಲ್ಲ. ಕೇಳಿದರೆ ಗೊತ್ತಾಗುತ್ತದಲ್ಲ!

ಕಳೆದ ತಿಂಗಳು ಒಂದು ಭಾನುವಾರ ನಾನೂ ಅವಳೂ ಲ್ಯಾಪ್‌ಟಾಪ್ ಮುಂದೆ ಕೂತು, ಅಕ್ಕನನ್ನು ಫೋನಿನಲ್ಲಿಟ್ಟುಕೊಂಡು ಮನವಿ ತುಂಬಿಸಿದೆವು. ಪಾಸ್‌ಪೋರ್ಟಿನ ಜೆರಾಕ್ಸ್ ಕಬ್ಬಿಣದ ಪೆಟ್ಟಿಗೆಯಲ್ಲಿ, ಸೀರೆಗಳ ಕೆಳಗೆ ಇತ್ತು. ಅಕ್ಕ ಕನ್ನಡಕ ಹುಡುಕಿ ತಂದು ನಂಬರನ್ನು ಒಂದೊಂದಾಗಿ ಓದಿದರು. ಆಮೇಲೆ ಮಗನ ಪೂರ್ತಿ ಹೆಸರು. ಅದನ್ನು ಹೇಳುವ ಮೊದಲು ಎದ್ದು ಹೋಗಿ ಬೀದಿ ಬಾಗಿಲು ಹಾಕಿದ ಸದ್ದು ಕೇಳಿಸಿತು. ತಪ್ಪು ಏನು ಎಂದು ಬರೆಯಲಿ ಎಂದು ಮಗಳು ಕೇಳಿದಾಗ ‘ಮಾಡಿದ್ದನ್ನೇ ಬರಿ’ ಅಂದರು.

ಎಲ್ಲ ಮುಗಿದ ಮೇಲೂ ಫೋನು ಇಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನನ್ನನ್ನು ಕೇಳಿದರು: ‘ಅಲ್ಲಿಗೆ ತಿಂಡಿ ಕಳಿಸೋಕೆ ಬಿಡ್ತಾರೇನಪ್ಪಾ? ಅಂಟಿನುಂಡೆ ಅಂದ್ರೆ ಅವನಿಗೆ ಪ್ರಾಣ. ಗಸಗಸೆ ಹಾಕಲ್ಲ ಕಣಪ್ಪ.’